ಮಧ್ಯದಲ್ಲೇ ನಿಲ್ಲುವ ಪಾಠ

ಮನೆ, ಹಿಂದಿನ ಕೋಣೆ
ಶನಿವಾರ ಮಧ್ಯಾಹ್ನ, ನವೆಂಬರ್ ೨೨

ಪ್ರೀತಿಯ ನಮ್ಮ ಮನೆಯವರಿಗೆ,

ಹೇಗಿದ್ದೀರಿ? ಸೊಂಟದ ನೋವು ಈಗ ಪರವಾಗಿಲ್ಲವೇ? ಹೋದ ಭಾನುವಾರ ಫೋನಿನಲ್ಲಿ ಇದನ್ನೇ ಕೇಳಿದ್ದೆ. ನೀವು ಏನೋ ಉದ್ದವಾಗಿ ಹೇಳಿದಿರಿ, ನನ್ನ ಕಿವಿಗೆ ಬಿದ್ದದ್ದು ‘ಬೆಲ್ಟು’ ಅನ್ನುವ ಒಂದೇ ಮಾತು. ಬೆಲ್ಟು ಹಾಕಿಕೊಳ್ಳುತ್ತಿದ್ದೀರೋ, ಬೆಲ್ಟು ಹರಿದುಹೋಯಿತೋ, ಬೆಲ್ಟಿನ ಸಹವಾಸವೇ ಬೇಡ ಅಂದಿರೋ, ಒಂದೂ ತಿಳಿಯಲಿಲ್ಲ. ನೀವು ಸುರಂಗ ಕೊರೆಯುತ್ತಿರುವ ಆ ಬೆಟ್ಟ ನಮ್ಮ ಮಾತಿನಲ್ಲಿ ಮುಕ್ಕಾಲು ಪಾಲು ನುಂಗಿ ಉಳಿದದ್ದನ್ನು ಮಾತ್ರ ಈ ಕಡೆ ಕಳಿಸುತ್ತದೆ. ಅದಕ್ಕೇ ಈ ಕಾಗದ. ಇನ್ನೊಂದು ಕಾರಣವೂ ಇದೆ. ಬೆಳಗಿನಿಂದ ಸಂಜೆಯವರೆಗೆ ಪರದೆ ನೋಡಿ ನೋಡಿ ನನ್ನ ಕಣ್ಣು ಉರಿಯುತ್ತದೆ. ನಿಮಗೂ ಅದೇ ಪರದೆಯ ಮೇಲೆ ಟೈಪು ಮಾಡುತ್ತಾ ಕೂತರೆ ಗಂಡನಿಗೆ ಬರೆಯುತ್ತಿದ್ದೇನೋ ವಿದ್ಯಾರ್ಥಿಗೆ ಉತ್ತರಿಸುತ್ತಿದ್ದೇನೋ ಅನ್ನುವ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ನಿಮ್ಮ ಅಮ್ಮ ಚೆನ್ನಾಗಿದ್ದಾರೆ. ಕೆಮ್ಮು ಕಡಿಮೆಯಾಗಿದೆ, ಹಟ ಕಡಿಮೆಯಾಗಿಲ್ಲ. ಕಿವಿಯ ಯಂತ್ರವನ್ನು ಡಬ್ಬಿಯಲ್ಲಿ ಜೋಪಾನವಾಗಿ ಮುಚ್ಚಿಟ್ಟು, ‘ನನಗೇನೂ ಕೇಳಿಸೋದಿಲ್ಲ, ನೀನು ಗೊಣಗ್ತೀಯ’ ಅಂತ ನನ್ನ ಮೇಲೆಯೇ ದೂರು. ಮೆಟ್ಟಿಲು ಇಳಿಯುವಾಗ ಮಾತ್ರ ನನ್ನ ಭುಜ ಹಿಡಿದುಕೊಳ್ಳುತ್ತಾರೆ. ಮೊದಲು ಅದೂ ಇರಲಿಲ್ಲ. ಹಾಗಾಗಿ ದೂರನ್ನು ನಾನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ.

ನೀವು ಹೊರಟ ಮೇಲೆ ಕಾಲೇಜಿನಲ್ಲಿ ಆದದ್ದನ್ನೆಲ್ಲ ಫೋನಿನಲ್ಲಿ ತುಂಡು ತುಂಡಾಗಿ ಹೇಳಿದ್ದೇನೆ. ಇವತ್ತು ಮೊದಲಿನಿಂದ ಹೇಳಿಬಿಡುತ್ತೇನೆ, ಬೇಜಾರಾದರೂ ಓದಿ. ಕಾಲೇಜಿನ ರಜೆ ಮುಗಿದು ನಾವು ಬರುವಷ್ಟರಲ್ಲಿ ಮೊದಲ ವರ್ಷದ ಗಣಿತವನ್ನು ಆನ್‌ಲೈನಿಗೆ ಹಾಕಬೇಕು ಅಂತ ತೀರ್ಮಾನವಾಗಿತ್ತು. ಪಾಠವನ್ನು ವಿಡಿಯೋ ಮಾಡಿ ಪೋರ್ಟಲಿಗೆ ಏರಿಸುವುದು, ನಡುನಡುವೆ ಪ್ರಶ್ನೆ, ಸರಿಯುತ್ತರ ಬರೆದರೆ ಹಸಿರು ಗುರುತು, ತಪ್ಪಿದರೆ ಕೆಂಪು ಗುರುತಿನ ಜೊತೆಗೆ ಒಂದು ಸುಳಿವು, ಕೆಳಗೆ ಸಂಶಯ ಕೇಳಲು ಒಂದು ಜಾಗ. ವಿಭಾಗದಲ್ಲಿ ಹಿರಿಯಳು ನಾನು, ಪಾಠ ನಾನೇ ಮಾಡಬೇಕು ಅಂದರು. ನನಗೋ ಮೊಬೈಲಿನಲ್ಲಿ ಅಲಾರಾಂ ಇಡುವುದಕ್ಕೂ ನೀವೇ ಬೇಕಿತ್ತು. ಕೈಹಿಡಿದು ಕಲಿಸಿದವಳು ಪುಟ್ಟ ಮೇಡಂ. ನೆನಪಿದೆಯಲ್ಲ, ನನ್ನ ಹಳೆಯ ವಿದ್ಯಾರ್ಥಿನಿ, ಈಗ ನಮ್ಮಲ್ಲೇ ತಾತ್ಕಾಲಿಕ ಉಪನ್ಯಾಸಕಿ, ಬೋರ್ಡಿನ ಮೇಲಿನ ಸಾಲು ಎಟುಕದೆ ಕೆಳಗಿನ ಅರ್ಧದಲ್ಲೇ ಇಡೀ ಪ್ರಮೇಯ ಮುಗಿಸುವವಳು. ಮೈಕು ಎಲ್ಲಿ ಸಿಕ್ಕಿಸಬೇಕು, ತಪ್ಪು ಮಾತನ್ನು ಹೇಗೆ ಕತ್ತರಿಸಬೇಕು, ಪ್ರಶ್ನೆಗಳನ್ನು ಎಲ್ಲಿ ತುರುಕಬೇಕು, ಎಲ್ಲ ಅವಳದ್ದೇ ಪಾಠ. ಆ ಯಂತ್ರಕ್ಕೆ ಬುದ್ಧಿ ಹೇಳಿದವಳೂ ಅವಳೇ. ಯಾರಾದರೂ ‘x + 2’ ಅಂತ ಬರೆದರೆ ಹಸಿರು, ‘2 + x’ ಅಂತ ಬರೆದರೆ ಕೆಂಪು ತೋರಿಸುತ್ತಿತ್ತು. ಎರಡೂ ಒಂದೇ ಕಣೋ ಅಂತ ಅದನ್ನು ಒಪ್ಪಿಸುವಷ್ಟರಲ್ಲಿ ನಮ್ಮಿಬ್ಬರಿಗೂ ಸಾಕುಬೇಕಾಯಿತು. ಮದುವೆಯಾದ ಹೊಸದರಲ್ಲಿ ನಿಮ್ಮ ಅಮ್ಮನ ಜೊತೆಗೂ ನಾನು ಅಷ್ಟು ವಾದ ಮಾಡಿರಲಿಲ್ಲ.

ರೆಕಾರ್ಡಿಂಗ್ ನಡೆದದ್ದು ಈ ಹಿಂದಿನ ಕೋಣೆಯಲ್ಲೇ. ನಿಮ್ಮ ಬಟ್ಟೆಯ ಬೀರುವನ್ನು ಗೋಡೆಗೆ ಸರಿಸಿ, ಕಿಟಕಿಗೆ ಹೊದಿಕೆ ಕಟ್ಟಿ, ಬಿಳಿ ಬೋರ್ಡು ನಿಲ್ಲಿಸಿದೆವು. ಆದರೆ ಕ್ಯಾಮೆರಾ ಎದುರು ಒಬ್ಬಳೇ ಮಾತಾಡುವುದೆಂದರೆ ಗೋಡೆಗೆ ಹೇಳಿದ ಹಾಗೆ. ಇಷ್ಟು ವರ್ಷ ಮುಖ ನೋಡಿ ಪಾಠ ಮಾಡಿದವಳು ನಾನು. ಹುಬ್ಬು ಗಂಟಿಕ್ಕಿದರೆ ಹಿಂದಕ್ಕೆ ಹೋಗುತ್ತೇನೆ, ಪೆನ್ನು ಓಡಿದರೆ ಮುಂದಕ್ಕೆ ಹೋಗುತ್ತೇನೆ. ಆ ಕಪ್ಪು ಗಾಜಿಗೆ ಹುಬ್ಬೂ ಇಲ್ಲ, ಪೆನ್ನೂ ಇಲ್ಲ. ‘ಯಾರನ್ನಾದ್ರೂ ಎದುರಿಗೆ ಕೂರಿಸ್ಕೊಳ್ಳಿ ಮೇಡಂ’ ಅಂದಳು ಪುಟ್ಟ ಮೇಡಂ. ಮನೆಯಲ್ಲಿ ಇನ್ಯಾರಿದ್ದಾರೆ? ಅತ್ತೆಯವರನ್ನೇ ಕುರ್ಚಿ ಹಾಕಿ ಕೂರಿಸಿದೆ. ಅವರು ತಲೆಯಾಡಿಸಿದರೆ ಮುಂದಿನ ಸಾಲು, ಆಕಳಿಸಿದರೆ ಇನ್ನೊಂದು ಉದಾಹರಣೆ. ಹೀಗೆ ಇಡೀ ಕಲನಶಾಸ್ತ್ರ ನಿಮ್ಮ ಅಮ್ಮನ ಎದುರು ನಡೆಯಿತು. ಒಂದು ದಿನ ಪಾಠ ಮುಗಿದು ಮೈಕು ತೆಗೆಯುತ್ತಿರುವಾಗ, ‘ಅಲ್ವೇ, ಆ ಎಕ್ಸ್ ಅನ್ನೋನು ಕೊನೆಗೂ ಸಿಕ್ಕಿದ್ನಾ?’ ಅಂತ ಕೇಳಿದರು. ಅವರ ಕೆಮ್ಮು ಎರಡು ಮೂರು ವಿಡಿಯೋದಲ್ಲಿ ಹಾಗೇ ಉಳಿದಿದೆ. ಹುಡುಗರು ಸಂಶಯದ ಜಾಗದಲ್ಲಿ ‘ಅಜ್ಜಿಗೆ ಬಿಸಿನೀರು ಕೊಡಿ ಮೇಡಂ’ ಅಂತ ಬರೆದಿದ್ದರು.

ಪಾಠಗಳು ಚೆನ್ನಾಗಿ ಬಂದವು. ಜಂಬ ಅಂದುಕೊಳ್ಳಬೇಡಿ, ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವ ಹಾಗೂ ಅಲ್ಲ, ನಿಜವಾಗಿ ಚೆನ್ನಾಗಿ ಬಂದವು. ಎಲ್ಲಕ್ಕಿಂತ ಖುಷಿ ಕೊಟ್ಟದ್ದು ನಾವು ಮೌನಗೌರಿ ಅಂತ ಕರೆಯುವ ಹುಡುಗಿ. ಮಾತು ತಡವರಿಸುತ್ತದೆ ಅವಳಿಗೆ. ತರಗತಿಯಲ್ಲಿ ಹಾಜರಿ ಕೂಗಿದಾಗ ಕೈ ಎತ್ತುವುದು ಬಿಟ್ಟರೆ ಬೇರೆ ಸುಳಿವೇ ಇರಲಿಲ್ಲ. ಸಂಶಯದ ಜಾಗದಲ್ಲಿ ಅವಳು ಬರೆಯತೊಡಗಿದಳು ನೋಡಿ, ಅಣೆಕಟ್ಟೆಯ ಬಾಗಿಲು ತೆಗೆದ ಹಾಗೆ. ಒಂದೊಂದು ಪ್ರಶ್ನೆಯೂ ಈಟಿ. ಈ ಪೋರ್ಟಲ್ ಬರದೇ ಇದ್ದಿದ್ದರೆ ಆ ತಲೆಯೊಳಗೆ ಏನಿದೆ ಅಂತ ನನಗೆ ಈ ಜನ್ಮಕ್ಕೆ ಗೊತ್ತಾಗುತ್ತಿರಲಿಲ್ಲ. ಅದನ್ನು ಒಪ್ಪಲೇಬೇಕು, ಒಪ್ಪುತ್ತೇನೆ.

ತೊಂದರೆ ಶುರುವಾದದ್ದು ಮಿತಿಯ ಪಾಠದಲ್ಲಿ, ಲಿಮಿಟ್ ಅನ್ನುತ್ತಾರಲ್ಲ, ಅದು. ಯಾರು ಎಷ್ಟು ಹೊತ್ತು ವಿಡಿಯೋ ನೋಡಿದರು, ಎಲ್ಲಿ ನಿಲ್ಲಿಸಿದರು ಅಂತ ಪೋರ್ಟಲ್ ಒಂದು ಗೆರೆ ಎಳೆದು ತೋರಿಸುತ್ತದೆ. ಮಿತಿಯ ಪಾಠದಲ್ಲಿ ಆ ಗೆರೆ ಚೆನ್ನಾಗಿ ಬಂದು, ಶುರುವಾಗಿ ಸ್ವಲ್ಪ ಹೊತ್ತಿಗೆ ಬಾವಿಗೆ ಬಿದ್ದ ಹಾಗೆ ಕೆಳಕ್ಕೆ ಹೋಗುತ್ತದೆ. ಅಲ್ಲಿ ಅರ್ಧಕ್ಕರ್ಧ ಜನ ನಿಲ್ಲಿಸಿ ಎದ್ದು ಹೋಗಿದ್ದಾರೆ. ಕೆಲವರು ಹಿಂದಕ್ಕೆ ಎಳೆದು ಎಳೆದು ನೋಡಿ, ಆಮೇಲೆ ಎದ್ದು ಹೋಗಿದ್ದಾರೆ. ನಾನು ಆ ಜಾಗವನ್ನು ಎಷ್ಟು ಸಲ ನೋಡಿದರೂ ತಪ್ಪು ಕಾಣಲಿಲ್ಲ. ಲೆಕ್ಕ ಸರಿ, ದನಿ ಸರಿ, ಅಜ್ಜಿಯ ಕೆಮ್ಮೂ ಇಲ್ಲ. ವಿಚಿತ್ರವೆಂದರೆ, ಎರಡು ಸೆಕ್ಷನ್ನಿನಲ್ಲಿ ಒಂದು ಸೆಕ್ಷನ್ ಮಾತ್ರ ಹೀಗೆ. ಇನ್ನೊಂದು ಸೆಕ್ಷನ್ ಕೂಡ ಅದೇ ಜಾಗದಲ್ಲಿ ನಿಲ್ಲಿಸುತ್ತದೆ, ಆದರೆ ಸ್ವಲ್ಪ ಹೊತ್ತು ಬಿಟ್ಟು ಮುಂದಕ್ಕೆ ಹೋಗಿ ಕೊನೆಯವರೆಗೂ ನೋಡುತ್ತದೆ.

ಕೊನೆಗೆ ಪುಟ್ಟ ಮೇಡಂಳನ್ನು ಸ್ಟಾಫ್ ರೂಮಿಗೆ ಕರೆದು ತೋರಿಸಿದೆ. ಅವಳು ಒಂದೇ ಸಲ ನೋಡಿ, ಹೇಳಲೋ ಬೇಡವೋ ಅನ್ನುವ ಹಾಗೆ ಚಹಾದ ಲೋಟ ತಿರುಗಿಸುತ್ತಾ ಕೂತಳು. ‘ಹೇಳೇ’ ಅಂದೆ. ‘ಇಲ್ಲಿ ನೀವು ನಗ್ತೀರಿ ಮೇಡಂ. ಇದು ನಿಮಗೆ ಗೊತ್ತೇ ಇದೆಯಲ್ಲ, ಸುಲಭ, ಅಂತೀರಿ. ಅಂದು ಭಿನ್ನರಾಶಿಯ ಮೇಲೆ ಕೆಳಗೆ ಇರೋ x − 2 ಎರಡನ್ನೂ ಹೊಡೆದು ಹಾಕ್ತೀರಿ. ಅವ್ರಿಗೆ ಗೊತ್ತಿಲ್ಲ. ಗೊತ್ತಿಲ್ಲ ಅಂತ ಹೇಳೋಕೆ ಅಲ್ಲಿ ಯಾರೂ ಇಲ್ಲ. ನಮಗೇ ಬುದ್ಧಿ ಇಲ್ಲ ಅಂದ್ಕೊಂಡು ಮುಚ್ಚಿಬಿಡ್ತಾರೆ.’ ಆಮೇಲೆ ಮೌನಗೌರಿಯ ಪ್ರಶ್ನೆ ತೋರಿಸಿದಳು. ‘ಮೇಡಂ, x ಎರಡಾದರೆ ಕೆಳಗಿನ x − 2 ಸೊನ್ನೆ ಆಗುತ್ತೆ. ಸೊನ್ನೆಯಿಂದ ಭಾಗಿಸಬಾರದು ಅಂತ ನೀವೇ ಹೇಳಿದ್ದು. ಈಗ ನೀವೇ ಅದನ್ನು ಹೊಡೆದು ಹಾಕಿದಿರಿ. ಎರಡರಲ್ಲಿ ಯಾವುದು ಸುಳ್ಳು?’

ಓದಿ ನನಗೆ ಬೆವರೇ ಬಂತು. ತರಗತಿಯಲ್ಲಾಗಿದ್ದರೆ ‘ಸುಲಭ’ ಅನ್ನುವ ನನ್ನ ಆ ಮಾತಿಗೆ ನಲವತ್ತು ಮುಖ ಮಂಕಾಗುತ್ತಿತ್ತು, ನಾನು ನಿಲ್ಲುತ್ತಿದ್ದೆ. ಇಲ್ಲಿ ಎದುರಿಗೆ ಇದ್ದವರು ಅತ್ತೆಯವರು. ಕಿವಿ ಕೇಳದಿದ್ದಾಗ ಅವರು ಎಲ್ಲದಕ್ಕೂ ತಲೆಯಾಡಿಸುತ್ತಾರೆ, ನಿಮಗೆ ಗೊತ್ತೇ ಇದೆ.

ಹಾಗಾದರೆ ಆ ಇನ್ನೊಂದು ಸೆಕ್ಷನ್ ಹೇಗೆ ದಾಟಿತು? ಕೇಳಿದ ಮೇಲೆ ಗೊತ್ತಾಯಿತು. ಪುಟ್ಟ ಮೇಡಂ ಮಧ್ಯಾಹ್ನದ ಹೊತ್ತು ಆ ಸೆಕ್ಷನ್ನಿನವರ ಜೊತೆ ಕಂಪ್ಯೂಟರ್ ಕೋಣೆಯಲ್ಲಿ ಕೂರುತ್ತಾಳೆ. ಯಾರೂ ಹೇಳಿದ್ದಲ್ಲ. ಫ್ಯಾನು ಒಂದೇ ಇರುವ ಕೋಣೆ ಅದು, ಇಬ್ಬರಿಗೊಂದು ಕುರ್ಚಿ. ಹುಡುಗರು ವಿಡಿಯೋ ನೋಡುತ್ತಾರೆ, ಸಿಕ್ಕಿಕೊಂಡಲ್ಲಿ ನಿಲ್ಲಿಸಿ ಅವಳ ಕಡೆ ತಿರುಗುತ್ತಾರೆ. ಈ ಮಿತಿಯ ಲೆಕ್ಕಕ್ಕೆ ಅವಳು ಕೊಟ್ಟ ಉತ್ತರ ಏನು ಗೊತ್ತೇ? ನಿಮ್ಮ ಸುರಂಗ. ಬೆಟ್ಟದ ಆ ಕಡೆಯಿಂದ ಒಂದು ತಂಡ, ಈ ಕಡೆಯಿಂದ ಒಂದು ತಂಡ ಕೊರೆಯುತ್ತಾ ಬರುತ್ತದೆ, ನಡುವಿನ ಗೋಡೆ ಇನ್ನೂ ಒಡೆದಿಲ್ಲ, ಆ ಜಾಗದಲ್ಲಿ ಯಾರೂ ನಿಂತಿಲ್ಲ. ಆದರೂ ಎಲ್ಲಿ ಸೇರುತ್ತಾರೆ ಅಂತ ಅಳತೆ ಮಾಡುವವರು ಹೇಳಬಲ್ಲರು. x ಎರಡರ ಹತ್ತಿರ ಬರುತ್ತದೆ, ಎರಡೇ ಆಗುವುದಿಲ್ಲ. ಆದ್ದರಿಂದ ಭಾಗಿಸಿದ್ದು ಸೊನ್ನೆಯಿಂದ ಅಲ್ಲ. ‘ನಿಮ್ಮ ಮನೆಯವ್ರ ಕೆಲಸ ಕದ್ದುಬಿಟ್ಟೆ ಮೇಡಂ’ ಅಂದಳು. ನೀವು ಒಮ್ಮೆ ಊಟದ ಮೇಜಿನ ಮೇಲೆ ಚಮಚ ಇಟ್ಟು ಅವಳಿಗೆ ಸುರಂಗದ ಅಳತೆ ವಿವರಿಸಿದ್ದಿರಂತೆ. ನಾನು ಪಕ್ಕದಲ್ಲೇ ಇದ್ದೆ, ನನಗೆ ಹೊಳೆದಿರಲಿಲ್ಲ.

ಮಿತಿಯ ಪಾಠವನ್ನು ಮತ್ತೆ ಮಾಡಿದೆವು. ಈ ಸಲ ಎದುರಿಗೆ ಪುಟ್ಟ ಮೇಡಂ ಕೂತಳು, ಮೌನಗೌರಿಯ ಪ್ರಶ್ನೆಯನ್ನು ಅವಳೇ ಕೇಳಿದಳು, ನಾನು ತಡವರಿಸಿಕೊಂಡೇ ಉತ್ತರ ಹೇಳಿದೆ. ತಡವರಿಸಿದ್ದನ್ನು ಕತ್ತರಿಸಲಿಲ್ಲ. ಮೌನಗೌರಿ ಕೆಳಗೆ ಬರೆದಳು: ‘ಅರ್ಥ ಆಯ್ತು. ಆದರೆ ಇನ್ನೊಂದು ಡೌಟು.’ ಆ ವಾರ ನಾನು ನಿಜವಾಗಿ ಸುಖವಾಗಿದ್ದೆ ಕಣ್ರೀ.

ಆಮೇಲೆ ಪ್ರಿನ್ಸಿಪಾಲರು ಕರೆಸಿದರು. ಒಳ್ಳೆಯ ಮನುಷ್ಯ, ಬಾಯಿ ತುಂಬ ಹೊಗಳಿದರು. ಮ್ಯಾನೇಜ್‌ಮೆಂಟಿನವರು ನನ್ನ ಪಾಠ ನೋಡಿದ್ದಾರಂತೆ, ಇಂಥ ಪಾಠ ಎಲ್ಲೂ ಇಲ್ಲ ಅಂದಿದ್ದಾರಂತೆ, ಇನ್ನು ಮೇಲೆ ಎರಡೂ ಸೆಕ್ಷನ್ನಿಗೆ ಬರೀ ಅದೇ ಅಂತೆ. ನಾನು ಪೆದ್ದಿಯ ಹಾಗೆ ಥ್ಯಾಂಕ್ಸ್ ಅಂದೆ. ಆಗ ಅವರು, ‘ಪಾಠ ಒಂದ್ಸಲ ರೆಕಾರ್ಡ್ ಆದ ಮೇಲೆ ಅಷ್ಟು ಜನ ಯಾಕೆ ಮೇಡಂ? ಡಿಸೆಂಬರಿಗೆ ಪುಟ್ಟ ಮೇಡಂ ಕರಾರು ಮುಗಿಯುತ್ತೆ, ಮುಂದುವರಿಸೋದಿಲ್ಲ’ ಅಂದರು. ಅಟ್ಟಕ್ಕೆ ಹತ್ತಿಸಿ ಏಣಿ ತೆಗೆದರು ಅನ್ನುತ್ತಾರಲ್ಲ, ಹಾಗಾಯಿತು. ಅಟ್ಟದ ಮೇಲೆ ನಾನು ಸುಖವಾಗಿ ಕೂತಿದ್ದೇನೆ, ಏಣಿಯ ಜೊತೆ ಬಿದ್ದವಳು ಮಾತ್ರ ಅವಳು. ತಾನು ಕೂತ ಕೊಂಬೆ ಕಡಿಯುವುದಕ್ಕೆ ನನಗೆ ಗರಗಸ ಹಿಡಿಯಲು ಕಲಿಸಿದವಳೇ ಅವಳು.

ಅವಳಿಗೆ ಅದಾಗಲೇ ಗೊತ್ತಿತ್ತು. ಮೆಟ್ಟಿಲ ಹತ್ತಿರ ಸಿಕ್ಕಿ, ‘ನೀವು ಜಗಳ ಆಡಬೇಡಿ ಮೇಡಂ, ಎಲ್ಲಾದ್ರೂ ಸಿಗುತ್ತೆ’ ಅಂದಳು. ಅವಳ ಕೈಯಲ್ಲಿ ಆ ಸೆಕ್ಷನ್ನಿನ ಉತ್ತರಪತ್ರಿಕೆಗಳಿದ್ದವು. ‘ಇದನ್ನ ಮುಗಿಸಿ ಕೊಟ್ಟು ಹೋಗ್ತೀನಿ’ ಅಂದಳು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು.

ಜಗಳ ಆಡಿದೆ. ನಾನು ಜಗಳಕ್ಕೆ ಬಾರದವಳು ಅಂತ ನೀವು ನಗುತ್ತೀರಿ, ಆದರೆ ಆಡಿದೆ. ಎರಡು ಸೆಕ್ಷನ್ನಿನ ಗೆರೆಗಳನ್ನೂ ಪ್ರಿನ್ಸಿಪಾಲರ ಮುಂದೆ ಇಟ್ಟೆ. ಅವರ ಹತ್ತಿರ ಇದ್ದದ್ದು ಎರಡೂ ಸೇರಿದ ಸರಾಸರಿ. ಒಬ್ಬ ಹೊಟ್ಟೆ ಬಿರಿಯೆ ಉಂಡು ಇನ್ನೊಬ್ಬ ಉಪವಾಸ ಬಿದ್ದರೂ ಸರಾಸರಿಯಲ್ಲಿ ಯಾರಿಗೂ ಹಸಿವಿಲ್ಲ ಸಾರ್, ಅಂದೆ. ನನ್ನ ವಿಡಿಯೋ ಒಂದೇ, ನೋಡಿದವರು ಎರಡು ಗುಂಪು, ಪಕ್ಕದಲ್ಲಿ ಅವಳು ಕೂತ ಗುಂಪು ಮಾತ್ರ ದಾಟಿದೆ, ಅಂದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಆ ಗೆರೆಗಳನ್ನು ನೋಡಿದರು. ನೋಡಿ, ‘ನೀವು ಹೇಳೋದು ಸರಿ ಮೇಡಂ. ಸರಿ ಇರೋದಕ್ಕೆಲ್ಲ ಹುದ್ದೆ ಎಲ್ಲಿಂದ ತರಲಿ?’ ಅಂದರು. ಆ ಮಾತಿನಲ್ಲಿ ಕಪಟ ಇರಲಿಲ್ಲ. ಅವರೂ ದಣಿದಿದ್ದರು. ದಣಿದವರ ಜೊತೆ ಜಗಳ ಆಡುವುದು ಕಷ್ಟ, ನಮ್ಮ ದಣಿವೂ ನೆನಪಾಗಿಬಿಡುತ್ತದೆ.

ಮತ್ತೆ ಮೂರು ಸಲ ಹೋದೆ. ಮ್ಯಾನೇಜ್‌ಮೆಂಟಿನ ಮೀಟಿಂಗಿಗೂ ಹೋಗಿ ಕೂತೆ. ಅಲ್ಲೊಬ್ಬರು, ‘ಸಂಶಯ ಕೇಳೋಕೆ ಜಾಗ ಇದೆಯಲ್ಲ, ಬರೀಲಿ’ ಅಂದರು. ಬರೆಯಬೇಕಾದರೆ ತನಗೆ ಏನು ಗೊತ್ತಿಲ್ಲ ಅನ್ನುವುದಾದರೂ ಗೊತ್ತಿರಬೇಕು, ಮೌನಗೌರಿಗೆ ಅದು ಗೊತ್ತು, ಎಲ್ಲರಿಗೂ ಗೊತ್ತಿರುವುದಿಲ್ಲ, ಅಂದೆ. ಅವರು ಗಡಿಯಾರ ನೋಡಿದರು.

ಅಂತೂ ಈ ವಾರ ಒಂದು ದಾರಿ ಆಯಿತು. ಪುಟ್ಟ ಮೇಡಂ ಉಳಿಯುತ್ತಾಳೆ. ಕಂಪ್ಯೂಟರ್ ಕೋಣೆಯಲ್ಲಿ ಕೂರುವುದು ಇನ್ನು ಅವಳ ಕೆಲಸದ ಭಾಗವೇ, ಎರಡೂ ಸೆಕ್ಷನ್ನಿಗೆ. ಹೇಗೆ ಏನು ಅಂತ ನಿಧಾನಕ್ಕೆ ಹೇಳುತ್ತೇನೆ, ಈಗ ಬೆರಳು ನೋಯುತ್ತಿದೆ. ನೀವು ಕೇಳಿದ ಬಚ್ಚಲಿನ ನಲ್ಲಿ ರಿಪೇರಿಯಾಯಿತು. ಪ್ಲಂಬರ್ ಬಂದು ವಾಷರು ಬದಲಿಸಿ ಹೋದ, ಈಗ ಸೋರುವುದಿಲ್ಲ, ಬದಲಿಗೆ ತಿರುಗಿಸಿದಾಗ ಸೀಟಿ ಹೊಡೆಯುತ್ತದೆ. ನಿಮ್ಮ ಸ್ವೆಟರನ್ನು ಬಿಸಿಲಿಗೆ ಹಾಕಿ ಮಡಿಸಿಟ್ಟಿದ್ದೇನೆ, ಅಲ್ಲಿ ಚಳಿ ಜಾಸ್ತಿಯಾದರೆ ತಿಳಿಸಿ, ಪಾರ್ಸೆಲ್ ಮಾಡುತ್ತೇನೆ. ಊಟ ಹೊತ್ತಿಗೆ ಸರಿಯಾಗಿ ಮಾಡಿ. ಸುರಂಗದೊಳಗೆ ಹೊತ್ತೇ ಗೊತ್ತಾಗುವುದಿಲ್ಲ ಅನ್ನುವ ನೆಪ ನನಗೆ ಬೇಡ.

ಅತ್ತೆಯವರು ಆಶೀರ್ವಾದ ತಿಳಿಸಲು ಹೇಳಿದ್ದಾರೆ. ‘ಅವ್ನಿಗೆ ಹೇಳು, ನಾನಿನ್ನೂ ಗಟ್ಟಿ ಇದೀನಿ, ಅವಸರ ಪಡ್ಬೇಡ ಅಂತ’ ಅನ್ನುತ್ತಿದ್ದಾರೆ. ಬರೆದಿದ್ದೇನೆ, ನೀವು ಮಾತ್ರ ಪೂರ್ತಿ ನಂಬಬೇಡಿ. ನನ್ನ ಕಡೆಯಿಂದ ಕಳಿಸುವುದಕ್ಕೆ ಹುಷಾರಾಗಿರಿ ಅನ್ನುವ ಮಾತು ಬಿಟ್ಟರೆ ಇವತ್ತು ಬೇರೇನೂ ಮಿಕ್ಕಿಲ್ಲ.

ನಿಮ್ಮ,
ಲೆಕ್ಕದ ಟೀಚರು

ವಿ.ಸೂ.: ಕವರು ಅಂಟಿಸಿಯಾಗಿತ್ತು, ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ. ಅಂಚೆ ತೆಗೆಯುವ ಹೊತ್ತಾಯಿತು, ಅಕ್ಷರ ಕೆಟ್ಟಿದ್ದರೆ ಕ್ಷಮಿಸಿ. ಪುಟ್ಟ ಮೇಡಂ ಉಳಿದದ್ದು ಹೇಗೆ ಅಂದರೆ, ನನ್ನ ಹುದ್ದೆಯನ್ನು ಎರಡು ಮಾಡಿ ಅಂದೆ. ಹೊಸ ವರ್ಷದಿಂದ ನನಗೆ ಅರ್ಧ ದಿನದ ಕೆಲಸ, ಅರ್ಧ ಸಂಬಳ, ಉಳಿದರ್ಧ ಅವಳಿಗೆ. ಗುರುವಾರ ಸಹಿ ಹಾಕಿ ಬಂದೆ. ಅವಳಿಗೆ ಇದು ಗೊತ್ತಿಲ್ಲ, ಕಾಲೇಜೇ ಮನಸ್ಸು ಬದಲಿಸಿತು ಅಂದುಕೊಂಡಿದ್ದಾಳೆ. ನೀವೂ ಹೇಳಬೇಡಿ. ನನ್ನ ಸಂಬಳ ಇದೆ ಅನ್ನುವ ಧೈರ್ಯದ ಮೇಲೆ ತಾನೇ ಏಪ್ರಿಲಿಗೆ ನೀವು ಸುರಂಗ ಬಿಟ್ಟು ಬರುವುದು ಅಂತ ಆಗಿದ್ದದ್ದು? ಈಗ ಅದು ಆಗುವುದಿಲ್ಲ. ಇನ್ನೊಂದು ವರ್ಷ ಆದೀತು. ಅತ್ತೆಯವರಿಗೆ ಹೇಳಿದೆ, ಈ ಸಲ ಕಿವಿಯ ಯಂತ್ರ ಹಾಕಿಸಿಯೇ ಹೇಳಿದೆ. ‘ಅವನನ್ನ ಕೇಳಿದ್ಯಾ?’ ಅಂದರು. ಇಲ್ಲ, ನಿಮ್ಮನ್ನು ಕೇಳಲಿಲ್ಲ. ಕೇಳಿದ್ದರೆ ನೀವು ಹೂಂ ಅನ್ನುತ್ತಿದ್ದಿರಿ, ಅದು ನನಗೆ ಗೊತ್ತು. ಆ ಹೂಂ ಅನ್ನು ಆ ಸೊಂಟ ಇಟ್ಟುಕೊಂಡ ನಿಮ್ಮ ಬಾಯಿಂದಲೇ ಹೇಳಿಸುವುದಕ್ಕೆ ನನಗೆ ಆಗಲಿಲ್ಲ. ಬಯ್ಯುವುದಿದ್ದರೆ ಬಯ್ಯಿರಿ. ಆದರೆ ಮುಂದಿನ ಭಾನುವಾರಗಳಲ್ಲಿ ಯಾವತ್ತು ಈ ಕಾಗದ ತಲುಪಿರುತ್ತದೋ ಆವತ್ತು ಫೋನ್ ಮಾಡಿದಾಗ ಮೊದಲು ಅತ್ತೆಯವರ ಹತ್ತಿರ ಮಾತಾಡಿ, ಆಮೇಲೆ ನನಗೆ ಕೊಡಿ ಅನ್ನಿ. ಅಷ್ಟರಲ್ಲಿ ನಾನು ಸ್ವಲ್ಪ ಧೈರ್ಯ ಮಾಡಿಕೊಂಡಿರುತ್ತೇನೆ.